ಕಸುಬುದಾರನ ಗರ್ವ, ಅಡುಗೆಯವನ ಕೃತಜ್ಞತೆ: ಬೆನೆಡಿಕ್ಟನ ನಿಯಮಾವಳಿಯಲ್ಲಿ ದೈವಕೃಪೆ ಮತ್ತು ದುಡಿಮೆ

ಸಂತ ಬೆನೆಡಿಕ್ಟನು 6ನೇ ಶತಮಾನದ ಇಟಲಿಯಲ್ಲಿ ರಚಿಸಿದ ಮಠದ ನಿಯಮಾವಳಿಯಲ್ಲಿ 73 ಅಧ್ಯಾಯಗಳಿವೆ. ವಿನಯದ ಚರ್ಚೆ ಬಂದಾಗ ಮೊದಲು ನೆನಪಾಗುವುದು 12 ಮೆಟ್ಟಿಲುಗಳನ್ನು ವಿವರಿಸುವ 7ನೇ ಅಧ್ಯಾಯ. ಆದರೆ ಕೃಪೆಗೂ ವಿನಯಕ್ಕೂ ಇರುವ ನಂಟು ಅದಕ್ಕಿಂತ ನಿಚ್ಚಳವಾಗಿ ಕಾಣುವುದು ಕಸುಬು ಮತ್ತು ಅಡುಗೆಮನೆಯ ಅಧ್ಯಾಯಗಳಲ್ಲಿ ಎಂಬುದು ಈ ಲೇಖನದ ವಾದ.

57ನೇ ಅಧ್ಯಾಯದ ಪ್ರಕಾರ, ಕಸುಬು ಬಲ್ಲವರು ಮಠಾಧಿಪತಿಯ ಅಪ್ಪಣೆ ಪಡೆದು ವಿನಯದಿಂದ ಅದನ್ನು ಮಾಡಬಹುದು. ತನ್ನಿಂದ ಮಠಕ್ಕೆ ಲಾಭವಾಗುತ್ತಿದೆ ಎಂದು ಒಬ್ಬನು ಬೀಗತೊಡಗಿದರೆ ಅವನನ್ನು ಆ ಕಸುಬಿನಿಂದಲೇ ಬಿಡಿಸಬೇಕು. ಅವನು ತಗ್ಗಿದ ಮೇಲೆ, ಮಠಾಧಿಪತಿ ಮತ್ತೆ ಹೇಳಿದರಷ್ಟೇ ಮರಳಬಹುದು. ಒಳ್ಳೆಯ ಕೆಲಸಗಾರನನ್ನು ಕಳೆದುಕೊಂಡ ಮಠದ ನಷ್ಟವನ್ನು ಬೆನೆಡಿಕ್ಟನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇಷ್ಟು ಬಿಗಿ ಏಕೆ? ಉತ್ತರ ಮುನ್ನುಡಿಯಲ್ಲಿದೆ. ತಮ್ಮಲ್ಲಿರುವ ಒಳಿತು ದೇವರ ಕೆಲಸವೆಂದು ಅರಿತವರು ಅದರಿಂದ ಉಬ್ಬುವುದಿಲ್ಲ ಎನ್ನುವ ಬೆನೆಡಿಕ್ಟನು ಅಲ್ಲಿ ಬೈಬಲಿನ ಅಪೊಸ್ತಲ ಪೌಲನನ್ನು ಸಾಕ್ಷಿಗೆ ಕರೆಯುತ್ತಾನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಪೌಲನು, ತಾನು ಇತರ ಅಪೊಸ್ತಲರಿಗಿಂತ ಹೆಚ್ಚು ದುಡಿದದ್ದನ್ನು ಅಲ್ಲಗಳೆಯುವುದಿಲ್ಲ. ದುಡಿದದ್ದು ತಾನಲ್ಲ, ತನ್ನೊಂದಿಗಿದ್ದ ಕೃಪೆ ಎನ್ನುತ್ತಾನೆ. ಹಾಗಾಗಿ ಮಾಡಿದ್ದನ್ನು ಮಾಡಿಲ್ಲ ಎನ್ನುವ ಹುಸಿ ಸಂಕೋಚವನ್ನು ವಿನಯವೆಂದು ಕರೆಯಲಾಗದು.

ಈ ತತ್ತ್ವ ದಿನಚರಿಗೆ ಇಳಿಯುವುದು 35ನೇ ಅಧ್ಯಾಯದಲ್ಲಿ. ಸನ್ಯಾಸಿಗಳೆಲ್ಲ ವಾರದ ಸರದಿಯಂತೆ ಅಡುಗೆಮನೆಯ ಸೇವೆ ಮಾಡಬೇಕು. ಕಾಯಿಲೆಯವರಿಗೆ, ಮಹತ್ವದ ಹೊಣೆ ಹೊತ್ತವರಿಗೆ ಮಾತ್ರ ವಿನಾಯಿತಿ. ಸರದಿ ಮುಗಿಸುವವನು ಶನಿವಾರ ಎಲ್ಲವನ್ನೂ ಶುಚಿಗೊಳಿಸಿ, ಕೈಕಾಲು ಒರೆಸುವ ವಸ್ತ್ರಗಳನ್ನು ಒಗೆಯುತ್ತಾನೆ. ಅವನೂ ಮುಂದಿನ ವಾರದ ಸರದಿಯ ಹೊಸಬನೂ ಸೇರಿ ಎಲ್ಲರ ಪಾದ ತೊಳೆಯುತ್ತಾರೆ. ಪಾತ್ರೆಗಳು ಮುಕ್ಕಾಗದೆ ಉಗ್ರಾಣಿಕನ ಕೈ ಸೇರಬೇಕು. ಭಾನುವಾರ ಬೆಳಿಗ್ಗೆ ಪ್ರಾರ್ಥನಾಲಯದಲ್ಲಿ, ವಾರವಿಡೀ ದುಡಿದವನೇ ತನಗೆ ನೆರವಾದ ದೇವರನ್ನು ಮೂರು ಬಾರಿ ಸ್ತುತಿಸುತ್ತಾನೆ. ಹೊಸಬನು ದೇವರ ಸಹಾಯವನ್ನು ಬೇಡುತ್ತಾನೆ. ಬೇಯಿಸಿ ಬಡಿಸಿದವನು ತಾನು ಕೊಟ್ಟೆನೆಂದುಕೊಳ್ಳದೆ ಪಡೆದೆನೆಂದು ಹೇಳುವ ಈ ಕ್ರಮ, ನನ್ನ ದೃಷ್ಟಿಯಲ್ಲಿ, ಇಡೀ ನಿಯಮಾವಳಿಯ ಅತ್ಯಂತ ಆಳವಾದ ದೈವಶಾಸ್ತ್ರ. ಹಾಗೆಂದು ಬೆನೆಡಿಕ್ಟನು ಹೊಟ್ಟೆಯನ್ನು ಮರೆತವನಲ್ಲ. ಬಡಿಸುವವರು ಗೊಣಗದೆ ಸೇವೆ ಮಾಡಲೆಂದು ಊಟಕ್ಕೆ ಒಂದು ಗಂಟೆ ಮೊದಲೇ ಅವರಿಗೆ ಹೆಚ್ಚುವರಿ ರೊಟ್ಟಿ, ಪಾನೀಯ ಕೊಡಿಸುತ್ತಾನೆ.

ಊಟದ ವೇಳೆ ಗ್ರಂಥ ಓದುವವನ ಪ್ರಾರ್ಥನೆ ಬೇರೆ. 38ನೇ ಅಧ್ಯಾಯದಂತೆ, ಅಹಂಕಾರ ತನ್ನ ಬಳಿ ಸುಳಿಯದಿರಲೆಂದು ಎಲ್ಲರೂ ಬೇಡಿಕೊಳ್ಳುವಂತೆ ಅವನು ಕೇಳುತ್ತಾನೆ. ಅಡುಗೆಯವನಿಗೆ ವಿಧಿಸದ ಈ ಪ್ರಾರ್ಥನೆ ಎಲ್ಲರ ಕಿವಿ ಸೆಳೆಯುವವನಿಗೆ ಅಗತ್ಯವಾಗಿದೆ.

ವಿನಯದ ಈ ಬೋಧನೆಗೆ ಒಂದು ಗಂಭೀರ ಆಕ್ಷೇಪವಿದೆ: ಮೇಲಿನವರು ಕೆಳಗಿನವರಿಗೆ ಬೋಧಿಸುವ ವಿನಯ ದಬ್ಬಾಳಿಕೆಯ ಸಾಧನವಾಗಬಲ್ಲದು. ತನ್ನನ್ನು ಎಲ್ಲರಿಗಿಂತ ಕೀಳೆಂದು ನಂಬಬೇಕೆನ್ನುವ 7ನೇ ಮೆಟ್ಟಿಲನ್ನು ಬಿಡಿಯಾಗಿ ಓದಿದರೆ ಆ ಅಪಾಯ ನಿಜ. ಆದರೆ 53ನೇ ಅಧ್ಯಾಯದಲ್ಲಿ ಅತಿಥಿಗಳ ಕೈಗೆ ನೀರು ಹಾಕುವವನು, ಸಮುದಾಯದೊಡನೆ ಅವರ ಪಾದ ತೊಳೆಯುವವನು ಸ್ವತಃ ಮಠಾಧಿಪತಿ. ಈ ಕರ್ತವ್ಯವನ್ನು ಬಿಟ್ಟ ಅಧಿಕಾರಿಗೆ ಕಸುಬುದಾರನನ್ನು ತಗ್ಗಿಸುವ ನೈತಿಕ ಹಕ್ಕು ಉಳಿಯುವುದಿಲ್ಲ.