ಕಾರಾಪುರದ ಹುಡುಗ ಸಾಬು

ಶಿವಮೊಗ್ಗದಿಂದ ತೀರ್ಥಹಳ್ಳಿಯ ರಸ್ತೆ ಹಿಡಿದರೆ ತುಂಗೆಯ ಹಿನ್ನೀರಿನ ದಡದಲ್ಲಿ ಸಕ್ರೆಬೈಲು ಆನೆಬಿಡಾರ ಸಿಗುತ್ತದೆ. ಅಲ್ಲಿ ಮಾವುತರು ನೀರಿನಲ್ಲಿ ಆನೆಗಳ ಮೈ ಉಜ್ಜುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅಂಥದೇ ಕೆಲಸದ ಮಾವುತನೊಬ್ಬನ ಮಗ ತನ್ನ ಹದಿಮೂರನೆಯ ವಯಸ್ಸಿನಲ್ಲಿ ಲೋಕವೆಲ್ಲ ನೋಡಿದ ಚಲನಚಿತ್ರದ ನಾಯಕನಾದ. ಅವನೇ ಸಾಬು.

ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ಕಬಿನಿ ತೀರದ ಆ ಸೀಮೆ ಖೆಡ್ಡಾಗಳಿಗೆ ಹೆಸರಾಗಿತ್ತು. ಕಾಡಾನೆಗಳ ಹಿಂಡನ್ನು ಹೊಳೆ ದಾಟಿಸಿ ದಿಮ್ಮಿಗಳ ಆವರಣಕ್ಕೆ ಅಟ್ಟಿ, ಪಳಗಿದ ಆನೆಗಳ ನೆರವಿನಿಂದ ಕಟ್ಟಿಹಾಕುತ್ತಿದ್ದರು. ತಂದೆ ಮಹಾರಾಜರ ಸೇವೆಯಲ್ಲಿದ್ದ ಮಾವುತ. ಆತ ತೀರಿಕೊಂಡ ಮೇಲೆ ಹುಡುಗ ಅರಮನೆಯ ಗಜಶಾಲೆಯ ಆಸರೆಯಲ್ಲೇ ಬೆಳೆದ.

ರುಡ್ಯಾರ್ಡ್ ಕಿಪ್ಲಿಂಗನ ಕಥೆಯೊಂದನ್ನು ಚಿತ್ರಿಸಲು ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದದ್ದು 1935ರಲ್ಲಿ. ಆತನ ತಂಡದವರ ಕಣ್ಣಿಗೆ ಸಾಬು ಬಿದ್ದ. ಫ್ಲಾಹರ್ಟಿ ನಿಧಾನಸ್ಥ, ಕಾಡು, ಆನೆ, ಮಳೆ ಎಂದು ಅಡಿಗಟ್ಟಲೆ ಫಿಲಂ ಸುತ್ತಿದ. ಹಣ ಹಾಕಿದ್ದ ಅಲೆಕ್ಸಾಂಡರ್ ಕೊರ್ಡಾ ತಾಳ್ಮೆ ಕಳೆದುಕೊಂಡು ತಂಡವನ್ನು ಇಂಗ್ಲೆಂಡಿಗೆ ಕರೆಸಿದ. ಉಳಿದ ಭಾಗವನ್ನು ಆತನ ತಮ್ಮ ಜೋಲ್ಟಾನ್ ಸ್ಟುಡಿಯೋದಲ್ಲಿ ಮುಗಿಸಿದ. ಸಾಬುವಿನ ಜೊತೆಗೆ ಹೋದ ಅಣ್ಣನ ಹೆಸರು ದಸ್ತಗೀರ್. ಆ ಹೆಸರೇ ತಮ್ಮನ ಮನೆತನದ ಹೆಸರೆಂದು ಭಾವಿಸಿದವರಿಂದಾಗಿ ಸಾಬು ಇಂದಿಗೂ ಹಲವು ಪುಸ್ತಕಗಳಲ್ಲಿ ‘ಸಾಬು ದಸ್ತಗೀರ್’! ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಕಂಡಿತು. ವೆನಿಸ್ ಉತ್ಸವದಲ್ಲಿ ನಿರ್ದೇಶನಕ್ಕೆ ಪ್ರಶಸ್ತಿಯೂ ಬಂತು.

ಇಲ್ಲಿ ಒಂದು ಮಾತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲೇ ಆರಂಭವಾಗಿತ್ತು. 1936ರಲ್ಲಿ ಅದೇ ಊರಿನ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಕುಲುಮೆ ಹೊತ್ತಿಸಿದ ಇದೇ ಸಂಸ್ಥಾನದಿಂದ ಹೊರಗಿನ ಕ್ಯಾಮೆರಾ ಆಯ್ದುಕೊಂಡದ್ದು ಆನೆಯನ್ನು ಮತ್ತು ಬರಿಮೈಯ ಹುಡುಗನನ್ನು. ಸಾಬು ಬದುಕಿನುದ್ದಕ್ಕೂ ಹೊತ್ತದ್ದು ಈ ಚಿತ್ರವನ್ನೇ.

ಮುಂದಿನ ‘ದಿ ಡ್ರಮ್’ ಬ್ರಿಟಿಷ್ ಆಳ್ವಿಕೆಯನ್ನು ಹೊಗಳುತ್ತದೆಂದು 1938ರಲ್ಲಿ ಮುಂಬಯಿಯಲ್ಲಿ ಪ್ರತಿಭಟನೆ ನಡೆಯಿತು. ಅದಕ್ಕೆ ಹದಿನಾಲ್ಕರ ಹುಡುಗನನ್ನು ದೂರುವುದು ನ್ಯಾಯವಲ್ಲ. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಆತನ ಅತ್ಯುತ್ತಮ ಚಿತ್ರ. ಆ ನಗು, ಆ ಚುರುಕು ಈಗಲೂ ಮಾಸಿಲ್ಲ. ಇಂಗ್ಲೆಂಡಿನಲ್ಲಿ ಆರಂಭವಾದ ಆ ಚಿತ್ರ ಯುದ್ಧದ ಕಾರಣ ಹಾಲಿವುಡ್‌ನಲ್ಲಿ ಮುಗಿಯಿತು. ಸಾಬು ಅಲ್ಲೇ ಉಳಿದ. 1942ರಲ್ಲಿ ‘ಜಂಗಲ್ ಬುಕ್’ನ ಮೌಗ್ಲಿಯಾದ.

ಭಾರತೀಯರು ಅಮೆರಿಕದ ಪೌರರಾಗುವಂತಿಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1923ರಲ್ಲಿ ತೀರ್ಪಿತ್ತಿತ್ತು. ಕಾನೂನು ಸಡಿಲಗೊಂಡದ್ದು 1946ರಲ್ಲಿ. ಸಾಬುವಿಗೆ 1944ರಲ್ಲೇ ಪೌರತ್ವ ದೊರೆತದ್ದು ಸಣ್ಣ ಸಂಗತಿಯಲ್ಲ. ಆತ ಅಮೆರಿಕದ ವಾಯುಪಡೆಯ ಬಿ-24 ಬಾಂಬರ್ ವಿಮಾನಗಳಲ್ಲಿ ಗನ್ನರ್ ಆಗಿ ಹೋರಾಡಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಗಳಿಸಿದ.

ಯುದ್ಧದಿಂದ ಮರಳಿದವನು ಗಂಡಸಾಗಿದ್ದ. ಚಿತ್ರರಂಗಕ್ಕೆ ಬೇಕಿದ್ದವನು ಅದೇ ಹುಡುಗ. 1947ರ ‘ಬ್ಲ್ಯಾಕ್ ನಾರ್ಸಿಸಸ್’ ಒಂದನ್ನು ಬಿಟ್ಟರೆ ಹೇಳಿಕೊಳ್ಳುವಂಥ ಪಾತ್ರ ಸಿಗಲಿಲ್ಲ. ಕಾಡು, ಹುಲಿ, ಆನೆಗಳ ಅಗ್ಗದ ಚಿತ್ರಗಳಲ್ಲಿ ನಟಿಸಿದ. ಇಂಗ್ಲೆಂಡಿನ ಸರ್ಕಸ್ಸಿನಲ್ಲಿ ಆನೆಗಳೊಡನೆ ಪ್ರದರ್ಶನವನ್ನೂ ಕೊಟ್ಟ. ಭಾರತದ ಯಾವ ಭಾಷೆಯ ಚಿತ್ರದಲ್ಲೂ ಆತ ನಟಿಸಲೇ ಇಲ್ಲ.

1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಆತನಿಗೆ ಮೂವತ್ತೊಂಬತ್ತು ವರ್ಷ. ಕೊನೆಯ ಚಿತ್ರ ‘ಎ ಟೈಗರ್ ವಾಕ್ಸ್’ ಮರುವರ್ಷ ಬಿಡುಗಡೆಯಾಯಿತು. ಅದರಲ್ಲಿ ಆತನದು ಹುಲಿ ಪಳಗಿಸುವ ಭಾರತೀಯನ ಪಾತ್ರ.