ಜನ ಕಂಡ ಶೌರ್ಯ, ಕಾಣದ ಗಾಯ

ಯುದ್ಧ ಗೆದ್ದ ಸಮಾಜಕ್ಕೆ ಒಬ್ಬ ವೀರ ಬೇಕಾಗುತ್ತಾನೆ. ಲಕ್ಷಾಂತರ ಸೈನಿಕರ ಸಾಹಸವನ್ನೂ ಸಾವನ್ನೂ ಜನ ಒಂದೇ ಮುಖದಲ್ಲಿ ಕಾಣಬಯಸುತ್ತಾರೆ. ಎರಡನೆಯ ಮಹಾಯುದ್ಧದ ಕೊನೆಗೆ ಅಮೆರಿಕದ ಜನತೆಗೆ ಅಂತಹ ಮುಖವಾಗಿ ದೊರೆತವನು ಆಡೀ ಮರ್ಫಿ. 1945ರ ಜುಲೈ 16ರ 'ಲೈಫ್' ಪತ್ರಿಕೆಯ ಮುಖಪುಟದಲ್ಲಿ ಎದೆಯ ತುಂಬ ಪದಕ ಧರಿಸಿ ನಗುತ್ತಿದ್ದ ಈ ಯುವಕನಿಗೆ ಆಗಿನ್ನೂ ಇಪ್ಪತ್ತು ವರ್ಷ.

ಮರ್ಫಿ ಹುಟ್ಟಿದ್ದು ಟೆಕ್ಸಾಸ್‌ನಲ್ಲಿ, ಪರರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಬಡ ರೈತನ ಮನೆಯಲ್ಲಿ. ತಂದೆ ಸಂಸಾರವನ್ನು ತೊರೆದು ಹೋದ. ಹುಡುಗ ಐದನೆಯ ತರಗತಿಗೇ ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋದ. ಮನೆಯವರ ಹೊಟ್ಟೆ ತುಂಬಿಸಲು ಮೊಲ, ಅಳಿಲುಗಳನ್ನು ಬೇಟೆಯಾಡಿದ. 1941ರಲ್ಲಿ ತಾಯಿ ತೀರಿಕೊಂಡಳು. ಚಿಕ್ಕ ತಮ್ಮ ತಂಗಿಯರು ಅನಾಥಾಲಯ ಸೇರಿದರು. ಮರುವರ್ಷ ಅಕ್ಕನ ನೆರವಿನಿಂದ ವಯಸ್ಸು ಹೆಚ್ಚಿಸಿ ಬರೆಸಿ ಆತ ಸೇನೆ ಸೇರಿದ. ತೂಕ ಸಾಲದೆಂದು ಬೇರೆ ಪಡೆಗಳು ಆತನನ್ನು ಹಿಂದಕ್ಕೆ ಕಳುಹಿಸಿದ್ದವು.

ಸಿಸಿಲಿ, ಇಟಲಿ, ಫ್ರಾನ್ಸ್‌ಗಳ ರಣರಂಗದಲ್ಲಿ ಆತ ಎರಡು ವರ್ಷ ಕಳೆದ. 1944ರ ಆಗಸ್ಟ್ 15ರಂದು ದಕ್ಷಿಣ ಫ್ರಾನ್ಸ್‌ನಲ್ಲಿ, ಶರಣಾದಂತೆ ನಟಿಸಿದ ಜರ್ಮನ್ ಸೈನಿಕರು ಆತನ ಆಪ್ತಮಿತ್ರ ಲ್ಯಾಟಿ ಟಿಪ್ಟನ್‌ನನ್ನು ಗುಂಡಿಟ್ಟು ಕೊಂದರು. 1945ರ ಜನವರಿ 26ರಂದು ಹೋಲ್ಟ್ಸ್‌ವೀರ್ ಎಂಬ ಹಳ್ಳಿಯ ಬಳಿ ಆರು ಟ್ಯಾಂಕುಗಳೂ ಕಾಲಾಳುಗಳೂ ಮೇಲೇರಿ ಬಂದಾಗ, ಮರ್ಫಿ ತನ್ನವರನ್ನು ಕಾಡಿನತ್ತ ಹಿಂದಕ್ಕೆ ಕಳುಹಿಸಿದ. ಹೊತ್ತಿ ಉರಿಯುತ್ತಿದ್ದ, ಯಾವ ಕ್ಷಣದಲ್ಲಾದರೂ ಸಿಡಿಯಬಹುದಾಗಿದ್ದ ಯುದ್ಧವಾಹನವೊಂದನ್ನು ಹತ್ತಿ ಅದರ ಮೆಷಿನ್‌ಗನ್ನಿನಿಂದ ಸುಮಾರು ಒಂದು ಗಂಟೆ ಒಬ್ಬನೇ ಹೋರಾಡಿದ. ಕಾಲಿಗೆ ಗಾಯವಾದರೂ ಅಲ್ಲಿಂದ ಕದಲಲಿಲ್ಲ. ಈ ಸಾಹಸಕ್ಕೆ ಅಮೆರಿಕದ ಅತ್ಯುನ್ನತ ಸೇನಾ ಗೌರವವಾದ 'ಮೆಡಲ್ ಆಫ್ ಆನರ್' ಸಂದಿತು. ಫ್ರಾನ್ಸ್ ಮತ್ತು ಬೆಲ್ಜಿಯಂ ಕೂಡ ಪದಕ ಕೊಟ್ಟು ಗೌರವಿಸಿದವು.

ಊರಿಗೆ ಮರಳಿದಾಗ ಜನ ಮುಗಿಬಿದ್ದರು. ಈ ಅಭಿಮಾನ ಸುಳ್ಳಾಗಿರಲಿಲ್ಲ ಎಂಬುದನ್ನು ನಾವು ಒಪ್ಪಬೇಕು. ಮಕ್ಕಳನ್ನು ಕಳೆದುಕೊಂಡ ಮನೆಗಳು ಅಲ್ಲಿ ಎಷ್ಟೋ ಇದ್ದವು. ಬಡತನದಿಂದ ಬಂದು ಬದುಕಿ ಉಳಿದ ಈ ಹುಡುಗನಲ್ಲಿ ಅವರಿಗೆ ತಮ್ಮ ಮಕ್ಕಳೇ ಕಂಡಿರಬೇಕು. ಹೆಸರಾಂತ ನಟ ಜೇಮ್ಸ್ ಕ್ಯಾಗ್ನಿ ಆ ಮುಖಪುಟ ನೋಡಿ ಆತನನ್ನು ಹಾಲಿವುಡ್‌ಗೆ ಕರೆಸಿಕೊಂಡ.

ತೆರೆಯ ಮೇಲೆ ತನ್ನದೇ ಪಾತ್ರ

1951ರಲ್ಲಿ ಜಾನ್ ಹ್ಯೂಸ್ಟನ್ ನಿರ್ದೇಶಿಸಿದ 'ದಿ ರೆಡ್ ಬ್ಯಾಡ್ಜ್ ಆಫ್ ಕರೇಜ್' ಚಿತ್ರದಲ್ಲಿ ಮರ್ಫಿಯದು ಭಯದಿಂದ ರಣರಂಗ ಬಿಟ್ಟು ಓಡುವ ಎಳೆಯ ಸೈನಿಕನ ಪಾತ್ರ. ಆತನ ಅಭಿನಯವನ್ನು ವಿಮರ್ಶಕರು ಮೆಚ್ಚಿದರೂ, ನಿರ್ಮಾಣ ಸಂಸ್ಥೆಯ ಕತ್ತರಿಗೆ ಸಿಕ್ಕಿದ ಚಿತ್ರ ಸೋತಿತು. 1955ರಲ್ಲಿ ಆತನ ಆತ್ಮಕಥೆಯನ್ನು ಆಧರಿಸಿದ 'ಟು ಹೆಲ್ ಅಂಡ್ ಬ್ಯಾಕ್' ಬಂತು. ತನ್ನ ಪಾತ್ರವನ್ನು ತಾನೇ ಮಾಡಲು ಆತನಿಗೆ ಮನಸ್ಸಿರಲಿಲ್ಲ, ಕೊನೆಗೆ ಒಪ್ಪಿದ. ಚಿತ್ರಕ್ಕೆ ಜನ ಕಿಕ್ಕಿರಿದು ಬಂದರು. ಯೂನಿವರ್ಸಲ್ ಸಂಸ್ಥೆಗೆ ಅದು ಅಪಾರ ಹಣ ತಂದಿತು.

ಒಂದರ ಸೋಲಿಗೂ ಇನ್ನೊಂದರ ಗೆಲುವಿಗೂ ಕಾರಣಗಳು ಹಲವು ಇರಬಹುದು. ಆದರೂ ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ನಮ್ಮನ್ನು ಕಾಡುತ್ತದೆ. ಜನ ತಮ್ಮ ವೀರನಿಂದ ಬಯಸಿದ್ದು ಮತ್ತೆ ಅದೇ ಒಂದು ಗಂಟೆಯ ಶೌರ್ಯವನ್ನು. ಅದಕ್ಕಾಗಿ ಆತ ಕ್ಯಾಮೆರಾದ ಮುಂದೆ ಉರಿಯುವ ವಾಹನವನ್ನು ಇನ್ನೊಮ್ಮೆ ಹತ್ತಬೇಕಾಯಿತು. ಟಿಪ್ಟನ್‌ನ ಸಾವನ್ನು, ಬ್ರ್ಯಾಂಡನ್ ಎಂಬ ಬೇರೆ ಹೆಸರಿನಲ್ಲಿ, ಇನ್ನೊಮ್ಮೆ ಕಾಣಬೇಕಾಯಿತು. ಪ್ರೇಕ್ಷಕರಿಗೆ ಅದು ಸಿನಿಮಾ. ಆತನಿಗೆ ಅದು ನೆನಪು.

ಚಪ್ಪಾಳೆಯ ಆಚೆ

ಆ ನೆನಪು ರಾತ್ರಿಗಳನ್ನು ನುಂಗಿತ್ತು. ದುಃಸ್ವಪ್ನಗಳ ಕಾಟದಿಂದ ಆತನಿಗೆ ನಿದ್ದೆ ಬರುತ್ತಿರಲಿಲ್ಲ. ಗುಂಡು ತುಂಬಿದ ಪಿಸ್ತೂಲನ್ನು ದಿಂಬಿನಡಿ ಇಟ್ಟು ಮಲಗುತ್ತಿದ್ದ. ನಟಿ ವಾಂಡಾ ಹೆಂಡ್ರಿಕ್ಸ್‌ಳೊಂದಿಗಿನ ಮೊದಲ ಮದುವೆ ಎರಡೇ ವರ್ಷದಲ್ಲಿ ಮುರಿಯಿತು. ನಿದ್ದೆಗಾಗಿ ತೆಗೆದುಕೊಂಡ ಮಾತ್ರೆ ಚಟವಾಯಿತು. ಕೊನೆಗೆ ಒಂದು ವಾರ ಮೋಟೆಲಿನ ಕೋಣೆಯಲ್ಲಿ ತನ್ನನ್ನು ತಾನೇ ಕೂಡಿಹಾಕಿಕೊಂಡು ಆ ಚಟದಿಂದ ಹೊರಬಂದ. ಜೂಜು ಮಾತ್ರ ಬಿಡಲಿಲ್ಲ. ನಲವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದವನು 1968ರಲ್ಲಿ ದಿವಾಳಿಯಾದ. ಆದರೆ ಅಂತಹ ಇಕ್ಕಟ್ಟಿನಲ್ಲೂ ಎಳೆಯರಿಗೆ ಕೆಟ್ಟ ಮೇಲ್ಪಂಕ್ತಿ ಹಾಕಲಾರೆನೆಂದು ಮದ್ಯ, ಸಿಗರೇಟುಗಳ ಜಾಹೀರಾತಿಗೆ ಒಪ್ಪಲಿಲ್ಲ.

ನಮ್ಮ ದೃಷ್ಟಿಯಲ್ಲಿ ಮರ್ಫಿಯ ಎರಡನೆಯ ಶೌರ್ಯ ಇರುವುದು ಇಲ್ಲಿ. ಮನಸ್ಸಿನ ಗಾಯದ ಬಗ್ಗೆ ಮಾತನಾಡುವುದು ಸೈನಿಕನಿಗೆ ಅವಮಾನವೆಂದು ಜನ ತಿಳಿದಿದ್ದ ಕಾಲದಲ್ಲಿ ಆತ ತನ್ನ ಸ್ಥಿತಿಯನ್ನು ಬಹಿರಂಗವಾಗಿ ಹೇಳಿದ. ಕೊರಿಯಾ, ವಿಯೆಟ್ನಾಂಗಳಿಂದ ಮರಳಿದವರ ಇಂತಹ ನೋವಿಗೆ ಸರಕಾರ ಗಮನ ಕೊಡಬೇಕೆಂದು ಒತ್ತಾಯಿಸಿದ. ಆ ಕಾಯಿಲೆಗೆ 'ಪಿ.ಟಿ.ಎಸ್.ಡಿ.' ಎಂಬ ಹೆಸರು ಅಮೆರಿಕದ ವೈದ್ಯಗ್ರಂಥಕ್ಕೆ ಸೇರಿದ್ದು 1980ರಲ್ಲಿ. ಅಷ್ಟರಲ್ಲಿ ಮರ್ಫಿ ಇರಲಿಲ್ಲ. 1971ರ ಮೇ 28ರಂದು ವರ್ಜೀನಿಯಾದ ಬೆಟ್ಟಗಳಲ್ಲಿ ನಡೆದ ವಿಮಾನ ಅಪಘಾತದಲ್ಲಿ ಆತ ತೀರಿಕೊಂಡಿದ್ದ.

ಆರ್ಲಿಂಗ್ಟನ್ ಸೇನಾ ಸ್ಮಶಾನದಲ್ಲಿರುವ ಆತನ ಸಮಾಧಿಗೆ ಇಂದಿಗೂ ಜನ ಬರುತ್ತಾರೆ. ಆ ಪದಕ ಪಡೆದವರ ಶಿಲೆಯ ಅಕ್ಷರಗಳಿಗೆ ಬಂಗಾರದ ಲೇಪ ಹಾಕುವುದು ವಾಡಿಕೆ. ಮರ್ಫಿಯದು ಸಾಮಾನ್ಯ ಸೈನಿಕನದರಂತೆ ಸಾದಾ ಶಿಲೆ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಮಾಜಿ ಸೈನಿಕರಿಗಾಗಿ 1973ರಲ್ಲಿ ತೆರೆದ ಆಸ್ಪತ್ರೆಗೆ ಆತನ ಹೆಸರಿಟ್ಟರು. ಜನರ ಅಭಿಮಾನ ತಡವಾಗಿಯಾದರೂ ಸರಿಯಾದ ದಾರಿ ಹಿಡಿದದ್ದು ಅಲ್ಲಿಯೇ ಎಂದು ನಮಗೆ ತೋರುತ್ತದೆ. ವೀರನಿಗೆ ಹಾರ ಹಾಕುವುದು ಸುಲಭ. ಹಾರ ಹಾಕಿಸಿಕೊಂಡು ಮನೆಗೆ ಹೋದವನಿಗೆ ರಾತ್ರಿ ನಿದ್ದೆ ಬಂದಿತೇ ಎಂದು ವಿಚಾರಿಸುವುದೂ ಗೌರವದ ಒಂದು ಭಾಗ.