ಬಿಲ್ಲು ಒಂದೂರಿಗೆ, ಪಾರ್ಸೆಲ್ ಇನ್ನೊಂದೂರಿಗೆ: ಹಂಗಳದ ವಿಳಾಸ ಮತ್ತು ಕಾರ್ಡ್ ಖರೀದಿ

ಗುಂಡ್ಲುಪೇಟೆಯಿಂದ ಊಟಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 181ರಲ್ಲಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುವ ಕಡೆ ಹಂಗಳವಿದೆ. ಬೆಂಗಳೂರು, ಮೈಸೂರಿಗೆ ದುಡಿಯಲು ಹೋದ ಮಕ್ಕಳು ತಮ್ಮ ಕಾರ್ಡಿನಲ್ಲಿ ಕೊಂಡ ಮಿಕ್ಸಿ, ಮೊಬೈಲು, ಔಷಧಿ ಹೊಡೆಯುವ ಪಂಪು ಇಂಥ ಊರುಗಳಿಗೆ ಬಂದಿಳಿಯುವುದು ಈಗ ಮಾಮೂಲಿ. ಬ್ಯಾಂಕಿನ ದಾಖಲೆಯಲ್ಲಿರುವುದು ನಗರದ ಬಾಡಿಗೆ ಮನೆ. ಪೆಟ್ಟಿಗೆಯ ಮೇಲಿರುವುದು ಅಪ್ಪನ ಹೆಸರು, ಬೀದಿ, ‘ದೇವಸ್ಥಾನದ ಹಿಂಭಾಗ’, ಹಂಗಳ ಅಂಚೆ, ಗುಂಡ್ಲುಪೇಟೆ ತಾಲ್ಲೂಕು, ಕೊನೆಗೊಂದು ಫೋನ್ ನಂಬರು. ಪಾರ್ಸೆಲ್ ತರುವ ಹುಡುಗ ನಂಬುವುದು ಆ ಕೊನೆಯ ಸಾಲನ್ನೇ. ಈ ಎರಡು ವಿಳಾಸಗಳ ಅಂತರವನ್ನು ಅನುಮಾನದಿಂದ ನೋಡುವುದು ಪಾಶ್ಚಾತ್ಯ ಕಾರ್ಡ್ ವ್ಯವಸ್ಥೆಯ ರೂಢಿ. ನಮ್ಮಲ್ಲಿ ಅದು ಬ್ಯಾಂಕಿಗಿಂತ ಹೆಚ್ಚಾಗಿ ತೆರಿಗೆ ಕಾನೂನಿಗೆ ತಲೆನೋವಾಯಿತು ಎಂಬುದು ಈ ಲೇಖನದ ವಾದ.

ಅಮೆರಿಕ, ಬ್ರಿಟನ್, ಕೆನಡಾಗಳಲ್ಲಿ ಬಳಕೆಯಲ್ಲಿರುವ ‘ಅಡ್ರೆಸ್ ವೆರಿಫಿಕೇಷನ್ ಸರ್ವೀಸ್’ ಮುಖ್ಯವಾಗಿ ಅಂಕಿಗಳನ್ನು ತಾಳೆ ನೋಡುತ್ತದೆ: ಮನೆ ನಂಬರು ಮತ್ತು ಅಂಚೆ ಸಂಕೇತ. ಅವು ಹೊಂದಿದರೂ ಸಾಮಾನು ಬೇರೆ ಕಡೆಗೆ ಹೋಗುವುದಾದರೆ ಮಾರುವವನು ಎರಡು ಸಲ ಯೋಚಿಸುತ್ತಾನೆ. ಹಂಗಳದಂಥ ವಿಳಾಸವನ್ನು ಈ ಜರಡಿಗೆ ಹಾಕಿದರೆ ಉಳಿಯುವುದು ಪಿನ್‌ಕೋಡ್ ಮಾತ್ರ. ಅದಾದರೂ 1972ರ ಆಗಸ್ಟ್ 15ರಂದು ಬಂದದ್ದು. ಹಂಗಳ ಈಗ ಸೇರಿರುವ ಚಾಮರಾಜನಗರ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಗುಂಡ್ಲುಪೇಟೆಯ 571111, ಚಾಮರಾಜನಗರದ 571313 ಎರಡೂ ಮೈಸೂರು ಸೀಮೆಯ 571ನ್ನೇ ಇಂದಿಗೂ ಹೊತ್ತಿವೆ.

ಭಾರತೀಯ ರಿಸರ್ವ್ ಬ್ಯಾಂಕ್ ಬೇರೆ ದಾರಿ ಹಿಡಿಯಿತು. 2009ರ ಫೆಬ್ರವರಿ 18ರ ಸುತ್ತೋಲೆಯ ಪ್ರಕಾರ ಆ ವರ್ಷದ ಆಗಸ್ಟ್ 1ರಿಂದ ಆನ್‌ಲೈನ್ ಕಾರ್ಡ್ ವ್ಯವಹಾರಕ್ಕೆ ಎರಡನೆಯ ದೃಢೀಕರಣ ಕಡ್ಡಾಯವಾಯಿತು. ಕಾರ್ಡಿನ ಮೇಲೆ ಕಾಣುವ ಮಾಹಿತಿಯಷ್ಟೇ ಸಾಲದು. ಕ್ರಮೇಣ ಒಟಿಪಿಯೇ ಅದರ ರೂಢಿಯ ರೂಪವಾಯಿತು. ಮನೆ ಎಲ್ಲಿದೆ ಎನ್ನುವುದಕ್ಕಿಂತ ಫೋನ್ ಯಾರ ಕೈಯಲ್ಲಿದೆ ಎನ್ನುವುದು ಮುಖ್ಯವಾದ ಮೇಲೆ, ಮಗ ಬೆಂಗಳೂರಿನಲ್ಲಿ ಹಣ ಕಟ್ಟಿ ಹಂಗಳಕ್ಕೆ ಕಳಿಸುವುದನ್ನು ತಡೆಯಲು ಬ್ಯಾಂಕಿಗೆ ಕಾರಣ ಉಳಿಯಲಿಲ್ಲ. ನಮ್ಮ ಹಳ್ಳಿಗಳಿಗೆ ಇದು ಒಳ್ಳೆಯದೇ ಆಯಿತು. ಬಹು ಹಿಂದೆ 1877ರಲ್ಲಿ ಬಂದ ವಿ.ಪಿ. ಅಂಚೆಯಲ್ಲೂ, 2010ರಲ್ಲಿ ಫ್ಲಿಪ್‌ಕಾರ್ಟ್ ಆರಂಭಿಸಿದ ಕ್ಯಾಷ್ ಆನ್ ಡೆಲಿವರಿಯಲ್ಲೂ ಹಣ ಕೊಡುವ ಜಾಗವೂ ಸಾಮಾನು ಪಡೆಯುವ ಜಾಗವೂ ಒಂದೇ ಆಗಿತ್ತು. ಅವು ಬೇರೆಯಾದದ್ದು ಮುಂಗಡ ಪಾವತಿಯಿಂದ.

ಬ್ಯಾಂಕು ಕೈಬಿಟ್ಟ ಪ್ರಶ್ನೆಯನ್ನು ಜಿಎಸ್‌ಟಿ ಎತ್ತಿಕೊಂಡಿತು. ಮೂರು ರಾಜ್ಯಗಳು ಕೂಡುವ ಈ ಸೀಮೆಯಲ್ಲಿ ಅದರ ಬಿಸಿ ಸ್ಪಷ್ಟ. ಊಟಿಯಲ್ಲಿ ನೌಕರಿಯಲ್ಲಿರುವ, ಜಿಎಸ್‌ಟಿ ನೋಂದಣಿಯಿಲ್ಲದ ಒಬ್ಬರು ಕರ್ನಾಟಕದ ಮಾರಾಟಗಾರನಿಂದ, ತೆರಿಗೆ ಬಿಟ್ಟು 20,000 ರೂಪಾಯಿ ಬೆಲೆಯ ಮೊಬೈಲನ್ನು ಹಂಗಳದ ತಾಯಿಗೆ ಕಳಿಸುತ್ತಾರೆ ಎನ್ನೋಣ. ಶೇ. 18ರಂತೆ ತೆರಿಗೆ 3,600 ರೂಪಾಯಿ. ಬಿಲ್ಲಿನ ವಿಳಾಸವನ್ನು ಹಿಡಿದರೆ ಇದು ಅಂತರರಾಜ್ಯ ಮಾರಾಟ; ರಾಜ್ಯದ ಪಾಲಾದ 1,800 ರೂಪಾಯಿ ತಮಿಳುನಾಡಿಗೆ. ಬಟವಾಡೆಯ ವಿಳಾಸವನ್ನು ಹಿಡಿದರೆ ಅಷ್ಟೂ ಕರ್ನಾಟಕಕ್ಕೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಐಜಿಎಸ್‌ಟಿ ಕಾಯ್ದೆಯ 10(1)(ಸಿಎ) ಉಪವಾಕ್ಯ, ನೋಂದಣಿಯಿಲ್ಲದ ಗ್ರಾಹಕರ ವಿಷಯದಲ್ಲಿ ಬಿಲ್ಲಿನಲ್ಲಿ ದಾಖಲಾದ ವಿಳಾಸವೇ ಪೂರೈಕೆಯ ಸ್ಥಳ ಎಂದಿತ್ತು. ವಿಳಾಸ ಎರಡಿದ್ದರೆ ಯಾವುದು ಎಂಬುದನ್ನು ಅದು ಹೇಳಲಿಲ್ಲ. 2024ರ ಜೂನ್ 26ರ ಜಿಎಸ್‌ಟಿಯ 209ನೇ ಸುತ್ತೋಲೆ ಗೊಂದಲವನ್ನು ಬಿಡಿಸಿತು: ಸಾಮಾನು ತಲುಪುವ ವಿಳಾಸವೇ ಪ್ರಮಾಣ, ಅದನ್ನೇ ಗ್ರಾಹಕರ ವಿಳಾಸವೆಂದು ಬಿಲ್ಲಿನಲ್ಲಿ ಬರೆಯಬಹುದು. ಬಳಕೆಯಾಗುವ ಜಾಗಕ್ಕೇ ತೆರಿಗೆ ಸೇರಬೇಕೆಂಬ ಜಿಎಸ್‌ಟಿಯ ಮೂಲ ತತ್ತ್ವಕ್ಕೆ ಇದೇ ಸರಿ. ಸುಮಾರು ಒಂಬತ್ತು ತಿಂಗಳು ತಡವಾಯಿತು, ಅಷ್ಟೆ.

ವಿಳಾಸವನ್ನು ಸಾಕ್ಷಿಯ ಸ್ಥಾನದಿಂದ ಇಳಿಸಿದ್ದಕ್ಕೆ ನಷ್ಟವೂ ಇದೆ. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ, ಬ್ಯಾಂಕಿನದೂ ಗ್ರಾಹಕರದೂ ಅಲ್ಲದ ಲೋಪದಿಂದ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆಯಿಲ್ಲ. ಆದರೆ ಒಟಿಪಿಯನ್ನು ತಾವೇ ಹೇಳಿಬಿಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟವೆಲ್ಲ ಅವರದೇ. ಸಾಮಾನು ಕಂಡುಕೇಳದ ಊರಿಗೆ ಹೋಗಿದೆ ಎಂಬುದು ಪೊಲೀಸರ ತನಿಖೆಗೆ ಸುಳಿವಾದೀತು, ಬ್ಯಾಂಕಿನ ಮುಂದೆ ವಾದವಾಗಿ ನಿಲ್ಲುವುದು ಕಷ್ಟ. 2025ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿ, 2026ರ ಏಪ್ರಿಲ್ 1ರಿಂದ ಅನ್ವಯವಾಗಲೆಂದು ಹೇಳಿದ ನಿರ್ದೇಶನಗಳು, ವ್ಯವಹಾರ ನಡೆದ ಸ್ಥಳ, ಬಳಸಿದ ಸಾಧನ, ಹಿಂದಿನ ಖರೀದಿಗಳ ರೀತಿ ನೋಡಿ ಅಪಾಯ ಅಳೆಯಲು ಬ್ಯಾಂಕುಗಳಿಗೆ ಅವಕಾಶ ಕೊಟ್ಟಿವೆ. ಅಲ್ಲಿ ಹೇಳಿರುವ ಸ್ಥಳ ಹಣ ಕಟ್ಟುವವರು ಇರುವ ಜಾಗ. ಪೆಟ್ಟಿಗೆ ಇಳಿಯುವ ಜಾಗವಲ್ಲ.